ಹತ್ತೊಂಬತ್ತು ವೋಲ್ಟ್, ಸರಿಯಾಗಿದೆ

ಶನಿವಾರ, ಫೆಬ್ರವರಿ 4, 2006

ಬೆಳಿಗ್ಗೆ ಹತ್ತೂವರೆಗೆ ಲ್ಯಾಪ್‌ಟಾಪಿನ ಅಡಾಪ್ಟರ್ ಪ್ರಾಣ ಬಿಟ್ಟಿತು. ಸುಟ್ಟ ವಾಸನೆಯಿಲ್ಲ, ಸದ್ದಿಲ್ಲ. ಅದರ ಹಸಿರು ದೀಪ ಆರಿತು, ಅಷ್ಟೆ. ಮಲ್ಟಿಮೀಟರ್ ಹಿಡಿದು ನೋಡಿದರೆ ಸೊನ್ನೆ. ಈ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಯಿತು. ಅಡಾಪ್ಟರ್ ಇದ್ದರೆ ಜೀವ, ಇಲ್ಲದಿದ್ದರೆ ಇಲ್ಲ.

ಹೊತ್ತು ನೋಡಿಕೊಂಡೇ ಹೋಗಿದೆ. ಮಾರ್ಚ್ ಮೂರಕ್ಕೆ ಇನ್ನು ನಾಲ್ಕೇ ವಾರ. ಅವತ್ತು ವಾನ್ ಊರಿನ ನಮ್ಮ ಕಾರ್ಖಾನೆಯಲ್ಲಿ ಟೆಸ್ಟ್ ಇಂಜಿನಿಯರ್ ಹುದ್ದೆಗೆ ನಾನು ಮೂವರ ಮುಂದೆ ಕೂರಬೇಕು. ಅದಕ್ಕೂ ಮೊದಲು ಲಿಫ್ಟಿನ ಕಂಟ್ರೋಲ್ ಪ್ಯಾನೆಲನ್ನು ಪರೀಕ್ಷಿಸುವ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಬರೆದು ಒಪ್ಪಿಸಬೇಕು. ಮೂರು ವರ್ಷದಿಂದ ಅದೇ ಪ್ಯಾನೆಲಿಗೆ ವೈರ್ ಸಿಕ್ಕಿಸುತ್ತಿದ್ದೇನೆ. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯ ಟೆಸ್ಟ್ ಸೆಕ್ಷನ್ನಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು, ನಾನು ನೋಡಿ ಸೈ ಅನ್ನದೆ ಒಂದು ರ‍್ಯಾಕೂ ಗೇಟು ದಾಟುತ್ತಿರಲಿಲ್ಲ, ಅಂಥ ಚಂದ್ರಮೋಹನ ಇಲ್ಲಿ ವೈರ್ ಸಿಕ್ಕಿಸುತ್ತಾನೆ. ಇರಲಿ, ಇನ್ನು ನಾಲ್ಕು ವಾರ. ಇಂಜಿನಿಯರ್ ಅಂತ ಕೊಟ್ಟರೆ ಸರಿ. ಟೆಕ್ನಿಷಿಯನ್ ಗಿಕ್ನಿಷಿಯನ್ ಅಂದರೆ ನಮಸ್ಕಾರ ಹೇಳಿ ಎದ್ದು ಬರುತ್ತೇನೆ.

ಈ ಮಾಡೆಲ್ ಹಳೆಯದು, ಅಡಾಪ್ಟರ್ ತರಿಸಲು ಮೂರು ವಾರವಾಗುತ್ತದೆ ಎಂದರು ಅಂಗಡಿಯವರು. ಅಷ್ಟರಲ್ಲಿ ನೀರಜಾ ಓಕ್‌ವಿಲ್‌ನ ತನ್ನ ತಮ್ಮನಿಗೆ ಫೋನ್ ಮಾಡಿಯೇ ಬಿಟ್ಟಿದ್ದಳು. ಶ್ರೀನಾಥ ಸಾಫ್ಟ್‌ವೇರಿನವನು. ಅವನ ಮನೆಯಲ್ಲಿ ಮೂರು ಲ್ಯಾಪ್‌ಟಾಪ್ ಹಾಗೇ ಬಿದ್ದಿರುತ್ತವೆ.

"ಭಾವ, ನನ್ ಹಳೇದೊಂದಿದೆ. ನಾಳೆ ತಂದ್ಕೊಡ್ತೀನಿ, ಇಟ್ಕೊಳ್ಳಿ," ಎಂದ.

"ಬೇಡಪ್ಪ. ನನ್ ಹತ್ರ ವ್ಯವಸ್ಥೆ ಇದೆ," ಎಂದೆ.

ವ್ಯವಸ್ಥೆ ಮಣ್ಣೂ ಇರಲಿಲ್ಲ. ಆದರೆ ಹೆಂಡತಿಯ ತಮ್ಮನ ಲ್ಯಾಪ್‌ಟಾಪಿನಲ್ಲಿ ಬರೆದು ಇಂಜಿನಿಯರ್ ಆಗುವ ದಾರಿದ್ರ್ಯ ನನಗಿನ್ನೂ ಬಂದಿಲ್ಲ.

ಭಾನುವಾರ, ಫೆಬ್ರವರಿ 5

ಈಗ ವ್ಯವಸ್ಥೆ ಇದೆ.

ಹಳೇ ಸಾಮಾನಿನ ಅಂಗಡಿಯಲ್ಲಿ ಅಡಾಪ್ಟರುಗಳ ದೊಡ್ಡ ಡಬ್ಬಿಯೊಂದನ್ನು ಇಟ್ಟಿರುತ್ತಾರೆ. ಜನ ಪಿನ್ ಹಿಡಿಸುತ್ತದೋ ಇಲ್ಲವೋ ಅಷ್ಟೇ ನೋಡಿ ಕೊಂಡೊಯ್ಯುತ್ತಾರೆ, ಮನೆಗೆ ಹೋಗಿ ಹೊಗೆ ಎಬ್ಬಿಸುತ್ತಾರೆ. ನಾನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೊಂದರ ಬೆನ್ನನ್ನೂ ಓದಿದೆ. ವೋಲ್ಟ್ ಹತ್ತೊಂಬತ್ತೇ ಇರಬೇಕು, ಅದರಲ್ಲಿ ರಾಜಿಯಿಲ್ಲ. ಆಂಪಿಯರ್ ಮೂರೂವರೆಗಿಂತ ಕಡಿಮೆ ಇರಬಾರದು, ಹೆಚ್ಚಿದ್ದರೆ ಚಿಂತೆಯಿಲ್ಲ. ಪಿನ್ನಿನ ಒಳಗೆ ಪ್ಲಸ್, ಹೊರಗೆ ಮೈನಸ್. ಮೂವತ್ತೊಂದನೆಯದು ಕೈಗೆ ಬಂತು: ಹತ್ತೊಂಬತ್ತು ವೋಲ್ಟ್, ನಾಲ್ಕೂಮುಕ್ಕಾಲು ಆಂಪಿಯರ್. ಬೇರೆ ಯಾವುದೋ ಕಂಪನಿಯ ಲ್ಯಾಪ್‌ಟಾಪಿನದು. ಪಿನ್ ಮಾತ್ರ ನಮ್ಮದಕ್ಕೆ ಹಿಡಿಸುವುದಿಲ್ಲ.

ಹಿಡಿಸದಿದ್ದರೆ ಏನಂತೆ? ಎರಡರ ಬಾಲವನ್ನೂ ಕತ್ತರಿಸಿ, ಇದರ ದೇಹಕ್ಕೆ ಸತ್ತದ್ದರ ಬಾಲ ಬೆಸೆದೆ. ಪ್ಲಸ್ ಮೈನಸ್ ಎರಡೆರಡು ಸಲ ನೋಡಿದೆ. ಲೋಡ್ ಕೊಟ್ಟು ಮೀಟರಿನಲ್ಲಿ ಅಳೆದೆ: 19.2 ವೋಲ್ಟ್. ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಕಣ್ಣು ಬಿಟ್ಟಿತು. ಐವತ್ತೊಂದು ವರ್ಷದ ಕೈ ಒಂದಿಷ್ಟೂ ನಡುಗಲಿಲ್ಲ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಸಾಹಿತ್ಯಳನ್ನು ಕರೆದು ಬೆಸುಗೆ ತೋರಿಸಿದೆ. "ಕೂಲ್," ಎಂದಳು. ಹನ್ನೊಂದನೇ ಗ್ರೇಡಿನ ಮಗಳ ಬಾಯಿಂದ ಅಪ್ಪನಿಗೆ ಒಂದು "ಕೂಲ್" ಬರುವುದು ಸಾಮಾನ್ಯವಲ್ಲ. ಆಮೇಲೆ ರೂಮಿನ ಲೈಟು ಉರಿಯುತ್ತಾ ಬಿಟ್ಟು ಕೆಳಗೆ ಬಂದಿದ್ದಾಳೆಂದು ಗೊತ್ತಾಗಿ ಬೈಯಬೇಕಾಯಿತು.

"ಯಾರಪ್ಪನ ಮನೆ ಗಂಟು ಅಂತ ಹಗಲು ಹೊತ್ತು ದೀಪ ಉರಿಸ್ತೀಯಾ?"

"ನಿಂದೇ ಅಪ್ಪಾ," ಎಂದು ಹತ್ತಿ ಹೋದಳು. ಉತ್ತರ ಕೊಡುವುದರಲ್ಲಿ ಮಾತ್ರ ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ.

ಗುರುವಾರ, ಫೆಬ್ರವರಿ 9

ಏಳರಿಂದ ಮೂರೂವರೆಯ ಶಿಫ್ಟ್ ಮುಗಿಸಿ, ಹೈವೇಯಲ್ಲಿ ಒದ್ದಾಡಿ, ಎರಿನ್ ಮಿಲ್ಸ್‌ನ ಮನೆ ಸೇರಿ, ಐದಕ್ಕೆ ಊಟದ ಮೇಜಿನ ಮುಂದೆ. ನಾಲ್ಕು ದಿನದಲ್ಲಿ ಹನ್ನೆರಡು ಪುಟ. ಬದಲಿ ಅಡಾಪ್ಟರ್ ಕೈಗೆ ಬೆಚ್ಚಗಿದೆ, ಬಿಸಿಯಿಲ್ಲ. ನಮ್ಮ ಸೂಪರ್‌ವೈಸರ್ ಡೊಮೆನಿಕ್ ಇವತ್ತು ಪಕ್ಕದಲ್ಲಿ ಹಾಯುವಾಗ "ಬರೀತಿದೀಯಾ?" ಎಂದು ಕೇಳಿದ. "ನೋಡ್ತಿರು," ಎಂದೆ.

ಭಾನುವಾರ, ಫೆಬ್ರವರಿ 12

ಮಾನ ಹೋಯಿತು.

ಶ್ರೀನಾಥ ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಬಂದವನೇ ಅಡಾಪ್ಟರನ್ನು ಕೈಯಲ್ಲಿ ಹಿಡಿದು, ಬೆನ್ನು ತಿರುವಿ ಓದಿ, "ಭಾವ, ಒರಿಜಿನಲ್ ಮೂರೂವರೆ ಆಂಪ್ಸು, ಇದು ಐದರ ಹತ್ರ ಇದೆ. ಮದರ್‌ಬೋರ್ಡ್ ಸುಟ್ಟೋಗುತ್ತೆ!" ಎಂದ.

ನನಗೆ ನಗು ಬಂತು. "ಲೋ ಶ್ರೀನಾಥ, ಹಂಡೆ ದೊಡ್ಡದಾದ್ರೆ ಸ್ನಾನ ಮಾಡೋನು ಸುಟ್ಟೋಗ್ತಾನಾ? ಚೊಂಬಲ್ಲಿ ತನಗೆಷ್ಟು ಬೇಕೋ ಅಷ್ಟು ತಗೋತಾನೆ. ಆಂಪಿಯರ್ ಅಂದ್ರೆ ಅಷ್ಟೇ. ನೀರಿನ ಬಿಸಿ ನೋಡ್ಕೋಬೇಕು, ಅದು ವೋಲ್ಟು. ಅದು ಹತ್ತೊಂಬತ್ತು, ಸರಿಯಾಗಿದೆ."

ಒಪ್ಪಿಕೊಂಡ ಹಾಗೆ ಕಂಡ. ನಡೆಯುತ್ತಿದ್ದ ಲ್ಯಾಪ್‌ಟಾಪ್ ತೋರಿಸಿದೆ, ಬರೆದ ಪುಟಗಳನ್ನು ತೋರಿಸಿದೆ. ನೀರಜಾ ಊಟಕ್ಕೆ ಕರೆದಳು, ಎಲ್ಲರೂ ಅಡುಗೆಮನೆಯೊಳಗಿನ ಸಣ್ಣ ಮೇಜಿಗೆ ಹೋದೆವು. ಬಿಸಿಬೇಳೆಬಾತ್ ಮುಗಿಸಿ ವಾಪಸ್ ಬಂದು ನೋಡಿದರೆ ಲ್ಯಾಪ್‌ಟಾಪ್ ಪರದೆ ಕಪ್ಪು. ಅಡಾಪ್ಟರಿನ ಹಸಿರು ದೀಪ ಮಾತ್ರ ಉರಿಯುತ್ತಿದೆ!

"ನಾನ್ ಹೇಳ್ಲಿಲ್ವಾ ಭಾವ," ಎಂದ ಶ್ರೀನಾಥ. ಬಟನ್ ಒತ್ತಿದೆ, ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಆದರೂ ಅವನು ಕಾರು ಹತ್ತುವವರೆಗೆ ನಗುತ್ತಲೇ ಇದ್ದ. "ಡೂಪ್ಲಿಕೇಟ್ ಡೂಪ್ಲಿಕೇಟೇ" ಎಂದು ಅವನು ಅಕ್ಕನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

ಬುಧವಾರ, ಫೆಬ್ರವರಿ 15

ಮತ್ತೆ ಹೋಯಿತು. ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ. ಅಡಾಪ್ಟರಿನ ದೀಪ ಉರಿಯುತ್ತಿತ್ತು. ಅಳೆದೆ: 19.2. ಬೆಸುಗೆ ಎಳೆದು ನೋಡಿದೆ, ಕಲ್ಲಿನ ಹಾಗಿದೆ. ಒಂದು ಗಂಟೆ ಎದುರಿಗೇ ಕಾದು ಕೂತೆ, ಮಿಸುಕಲಿಲ್ಲ. ನಾನು ಕೂತಿದ್ದಾಗ ಒಳ್ಳೆ ಮಗುವಿನ ಹಾಗಿರುತ್ತದೆ, ಎದ್ದು ಹೋದರೆ ಸಾಯುತ್ತದೆ.

ಅರ್ಧ ಪುಟ ಹೋಯಿತು. ಇನ್ನು ಮೇಲೆ ಸೇವ್ ಮಾಡಿಯೇ ಏಳಬೇಕು.

ಶನಿವಾರ, ಫೆಬ್ರವರಿ 18

ಸೇವ್ ಒತ್ತಿಯೇ ಎದ್ದಿದ್ದೆ. ಪ್ಯಾನೆಲಿನ ಚಿತ್ರಗಳೆಲ್ಲ ಸೇರಿ ಫೈಲು ದೊಡ್ಡದಾಗಿದೆ, ಸೇವ್ ಆಗಲು ಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತದೆ. ಅದು ಕೆಲಸ ಮಾಡುತ್ತಿರಲಿ ಎಂದು ಬಾಗಿಲಲ್ಲಿ ಬಿದ್ದಿದ್ದ ಪೇಪರು ತರಲು ಹೋದೆ. ಬಂದೆ. ಕಪ್ಪು. ಸೇವ್ ಅರ್ಧಕ್ಕೇ ನಿಂತು ಫೈಲು ಕೆಟ್ಟಿದೆ, ತೆರೆಯುವುದೇ ಇಲ್ಲ. ಇಪ್ಪತ್ತಾರು ಪುಟ! ಫ್ಲಾಪಿಯಲ್ಲಿ ಹಿಂದಿನ ವಾರದ ಹನ್ನೆರಡು ಪುಟ ಮಾತ್ರ ಉಳಿದಿದೆ. ಹದಿಮೂರು ದಿನ ಬಾಕಿ.

ಅಡಾಪ್ಟರಿನ ವೈರು ಮೇಜಿನ ಹಿಂದಿನಿಂದ, ಅಡುಗೆಮನೆಗೆ ಹೋಗುವ ದಾರಿಯ ಅಂಚಿನಲ್ಲೇ ಹಾಯುತ್ತದೆ. ಮೂರು ಸಲವೂ ಸಾಹಿತ್ಯ ಮನೆಯಲ್ಲಿದ್ದಳು. ಮೂರು ಸಲವೂ ಆ ದಾರಿಯಲ್ಲಿ ಓಡಾಡಿದ್ದಳು. ಅಡಾಪ್ಟರು ಸರಿ, ಲ್ಯಾಪ್‌ಟಾಪ್ ಸರಿ, ಅಂದ ಮೇಲೆ ಉಳಿಯುವುದು ಮನುಷ್ಯರ ಕಾಲು. ಕರೆದು ಕೇಳಿದೆ.

"ಅಪ್ಪಾ, ಐ ಡಿಡಂಟ್ ಟಚ್ ಇಟ್."

"ಮತ್ತೆ ಭೂತ ಬಂದು ಎಳೀತಾ? ಕಿವಿಗೆ ಅದೊಂದು ಸಿಕ್ಕಿಸ್ಕೊಂಡು ನೆಲ ನೋಡ್ದೆ ಓಡಾಡ್ತೀಯ. ನಿನ್ನಿಂದ ನನ್ನ ಕೆಲಸ ಹೋಗುತ್ತೆ, ಗೊತ್ತಾ?"

ನನ್ನ ದನಿ ದೊಡ್ಡದಾಯಿತು. ಪಕ್ಕದ ಮನೆಯವರ ನಾಯಿ ಬೊಗಳಿತು. ನೀರಜಾ ಶಾಪಿಂಗ್ ಮಾಲಿನ ಔಷಧಿ ಅಂಗಡಿಯ ಕೆಲಸ ಮುಗಿಸಿ ಆಗ ತಾನೇ ಒಳಗೆ ಬಂದವಳು ಕೋಟು ಕೂಡ ಬಿಚ್ಚದೆ ನಿಂತುಬಿಟ್ಟಳು. ಸಾಹಿತ್ಯ ಮೇಲೆ ಹೋದಳು. ಹೋಗುವಾಗ ಹಾಲಿನ ದೀಪ, ಮೆಟ್ಟಿಲ ದೀಪ, ಎಲ್ಲ ಆರಿಸಿಕೊಂಡೇ ಹೋದಳು.

"ಆ ಮಗು ಸುಳ್ಳು ಹೇಳಲ್ಲ ರೀ," ಎಂದಳು ನೀರಜಾ. ನಾನೇನು ಸುಳ್ಳು ಅಂದೆನೇ? ಗೊತ್ತಿಲ್ಲದೆ ಕಾಲು ತಗುಲಿರಬಹುದು ಎಂದೆ, ಅಷ್ಟೆ.

ಭಾನುವಾರ, ಫೆಬ್ರವರಿ 19

ವೈರನ್ನು ನೆಲಕ್ಕೆ ಟೇಪು ಹಾಕಿ ಅಂಟಿಸಿದೆ. ಇನ್ನು ಯಾರ ಕಾಲೂ ತಗುಲುವುದಿಲ್ಲ.

ಆಮೇಲೂ ಹೋಯಿತು. ಸಾಹಿತ್ಯ ಆಗ ಮನೆಯಲ್ಲೇ ಇರಲಿಲ್ಲ, ಲೈಬ್ರರಿಗೆ ಹೋಗಿದ್ದಳು.

ಮಂಗಳವಾರ, ಫೆಬ್ರವರಿ 21

ಅಡಾಪ್ಟರನ್ನು ಬಿಚ್ಚಿ ಒಳಗೆಲ್ಲ ನೋಡಿದೆ. ತಪ್ಪಿಲ್ಲ. ಲ್ಯಾಪ್‌ಟಾಪಿನಲ್ಲಿ ಪಿನ್ ಹೋಗುವ ತೂತನ್ನು ಅಲುಗಾಡಿಸಿ ನೋಡಿದೆ. ತಪ್ಪಿಲ್ಲ. ಸಂಜೆ ಆರರ ಹೊತ್ತಿಗೆ ಮತ್ತೆ ಆರಿತು.

ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ನನಗೆ ಹೆದರಿಕೆಯಾಗಿದೆ. ಟೆಸ್ಟ್ ಸೆಕ್ಷನ್ ಬಿಟ್ಟು ನಾಲ್ಕು ವರ್ಷವಾಯಿತು. ಕೈಗೆ ವೈರ್ ಸಿಕ್ಕಿಸುವುದಷ್ಟೇ ಅಭ್ಯಾಸವಾಗಿ, ತಲೆಯಲ್ಲಿದ್ದದ್ದೆಲ್ಲ ಕರಗಿಹೋಯಿತೇ? ಒಂದು ಅಡಾಪ್ಟರಿನ ದೋಷ ಹಿಡಿಯಲಾಗದವನು ಲಿಫ್ಟಿನ ಪ್ಯಾನೆಲಿನ ದೋಷ ಏನು ಹಿಡಿದಾನು? ಜನ ಅದರಲ್ಲಿ ಹತ್ತಿಪ್ಪತ್ತು ಮಹಡಿ ಮೇಲೆ ಹೋಗುತ್ತಾರೆ. ಶ್ರೀನಾಥನ ಲ್ಯಾಪ್‌ಟಾಪ್ ತರಿಸಿಬಿಡೋಣವೇ ಎಂದು ಫೋನಿನ ತನಕ ಹೋಗಿ ಬಂದೆ.

ಸಾಹಿತ್ಯ ಮೂರು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಸಂಜೆಯೆಲ್ಲ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿರುತ್ತಾಳೆ. ಹೋಮ್‌ವರ್ಕ್ ಇರಬೇಕು. ರೂಮಿನಲ್ಲಿ ಕೂತು ಬರೆಯಲು ಏನು ಧಾಡಿಯೋ.

ಗುರುವಾರ, ಫೆಬ್ರವರಿ 23

ಹೋಮ್‌ವರ್ಕ್ ಅಲ್ಲ.

ಇವತ್ತು ಸಂಜೆ ನಾನು ಬರೆಯುತ್ತಿದ್ದಾಗ ಸಾಹಿತ್ಯ ಬಂದು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಅಪ್ಪಾ, ಸೇವ್ ಮಾಡು. ಆದ್ಮೇಲೆ ಕಾಫಿ ತಗೊಂಡು ಬಾ."

"ಕಾಫಿ ಬೇಡ ಈಗ."

"ಪ್ಲೀಸ್. ಜಸ್ಟ್ ಗೋ. ಯಾವಾಗ್ಲೂ ಹೋಗೋ ಥರಾನೇ ಹೋಗು."

ಸೇವ್ ಪೂರ್ತಿಯಾಗುವವರೆಗೆ ಕಾದು, ಎದ್ದು ಹೋದೆ. ಕಾಫಿ ಹಿಡಿದು ಬರುವಾಗ ಅವಳು ಬಾಗಿಲ ಪಕ್ಕ ನಿಂತು ನನ್ನ ಮಣಿಕಟ್ಟು ಹಿಡಿದುಕೊಂಡಳು. ನನ್ನ ಕೈ ಗೋಡೆಯ ಸ್ವಿಚ್ಚುಗಳ ಮೇಲಿತ್ತು.

"ಲುಕ್," ಎಂದಳು.

ಊಟದ ಮೇಜಿನ ಮೇಲಿನ ದೀಪ ಆರಿತ್ತು. ಲ್ಯಾಪ್‌ಟಾಪ್ ಆರಿತ್ತು. ಅಡಾಪ್ಟರಿನ ಹಸಿರು ದೀಪವೂ ಆರಿತ್ತು. ಅವಳು ನನ್ನ ಕೈ ಬಿಟ್ಟು, ತಾನೇ ಎರಡನೆಯ ಸ್ವಿಚ್ಚನ್ನು ಮೇಲೆ ಮಾಡಿದಳು. ಹಸಿರು ದೀಪ ಹತ್ತಿತು. ಕೆಳಗೆ ಮಾಡಿದಳು. ಆರಿತು.

ಆ ಬಾಗಿಲ ಪಕ್ಕದ ಫಲಕದಲ್ಲಿ ಎರಡು ಸ್ವಿಚ್ಚುಗಳಿವೆ. ಒಂದು ಮೇಜಿನ ಮೇಲಿನ ದೀಪಕ್ಕೆ. ಇನ್ನೊಂದು ಯಾವುದಕ್ಕೂ ಇಲ್ಲವೆಂದು ಡಿಸೆಂಬರಿನಲ್ಲಿ ಈ ಟೌನ್‌ಹೌಸಿಗೆ ಬಾಡಿಗೆಗೆ ಬಂದಾಗಿನಿಂದ ನಾವು ಅಂದುಕೊಂಡಿದ್ದೆವು. ಅದು ಮೇಜಿನ ಹಿಂದಿನ ಪ್ಲಗ್ ಪಾಯಿಂಟಿಗೆ! ಈ ದೇಶದಲ್ಲಿ ಪ್ಲಗ್ಗಿನ ಪಕ್ಕದಲ್ಲಿ ಸ್ವಿಚ್ ಇರುವುದಿಲ್ಲ, ಆದರೆ ಎಲ್ಲೋ ಒಂದೊಂದು ಕಡೆ, ಟೇಬಲ್ ಲ್ಯಾಂಪಿಗೆಂದು, ಪ್ಲಗ್ಗಿನ ಅರ್ಧವನ್ನು ಮಾತ್ರ ದೂರದ ಗೋಡೆಯ ಸ್ವಿಚ್ಚಿಗೆ ಕೊಟ್ಟಿರುತ್ತಾರಂತೆ. ಮೇಲಿನ ತೂತಿಗೆ ಸದಾ ಕರೆಂಟು, ಕೆಳಗಿನದಕ್ಕೆ ಸ್ವಿಚ್ ಹಾಕಿದರೆ ಮಾತ್ರ. ಹಳೆಯ ಅಡಾಪ್ಟರ್ ಮೇಲಿನದರಲ್ಲಿತ್ತು. ಇದರ ಪ್ಲಗ್ಗು ದಪ್ಪ, ಕೆಳಗೆ ಸಲೀಸು ಎಂದು ನಾನು ಕೆಳಗಿನದಕ್ಕೆ ಹಾಕಿದ್ದೆ. ಮೊದಲ ವಾರ ಏಳುವಾಗೆಲ್ಲ ಲ್ಯಾಪ್‌ಟಾಪ್ ಆರಿಸಿಯೇ ಏಳುತ್ತಿದ್ದರಿಂದ ಗೊತ್ತಾಗಲಿಲ್ಲ.

ನಾನು ರೂಮು ಬಿಡುವಾಗ ಬೋರ್ಡಿನ ಮೇಲೆ ಅಂಗೈ ಸವರಿ ಎಲ್ಲ ಸ್ವಿಚ್ಚನ್ನೂ ಒಟ್ಟಿಗೇ ಆರಿಸುತ್ತೇನೆ. ಈ ರೂಮು ಹಗಲಲ್ಲೂ ಕತ್ತಲೆ, ಮರಳುವಾಗ ಎಲ್ಲವನ್ನೂ ಒಟ್ಟಿಗೇ ಹಾಕುತ್ತೇನೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು, ಕರೆಂಟು ದಂಡ ಮಾಡಿದರೆ ನಮ್ಮಪ್ಪ ಬೆನ್ನಿಗೆ ಬಾರಿಸುತ್ತಿದ್ದರು. ಐವತ್ತು ವರ್ಷದ ಅಭ್ಯಾಸ, ಕೈಗೆ ಗೊತ್ತು, ತಲೆಗೆ ಗೊತ್ತಿಲ್ಲ. ಅದಕ್ಕೇ ಪ್ರತಿಸಲ ನಾನು ವಾಪಸ್ ಬಂದು ನೋಡಿದಾಗ ಅಡಾಪ್ಟರಿನ ದೀಪ ಉರಿಯುತ್ತಿತ್ತು. ಅದಕ್ಕೇ ಪ್ರತಿಸಲ 19.2.

ನೋಟ್‌ಬುಕ್ ಮುಂದೆ ಇಟ್ಟಳು. ಗೆರೆ ಎಳೆದು ಕಾಲಂ ಮಾಡಿದ್ದಾಳೆ: ಸಮಯ, ಯಾರು ರೂಮಿನಲ್ಲಿ, ಅಪ್ಪ ಏನು ಮಾಡಿದ, ಅಡಾಪ್ಟರಿನ ದೀಪ. "6:12, ಅಪ್ಪ ಎದ್ದ, ಎರಡೂ ಸ್ವಿಚ್ ಕೆಳಗೆ, ದೀಪ ಆಫ್. 6:19, ಅಪ್ಪ ಬಂದ, ಎರಡೂ ಮೇಲೆ, ದೀಪ ಆನ್." ಇಂಗ್ಲಿಷಿನಲ್ಲಿ, ಅಚ್ಚುಕಟ್ಟಾಗಿ. ಮಂಗಳವಾರ ಒಂದು, ಬುಧವಾರ ಒಂದು, ಇವತ್ತಿನದು ಮೂರನೆಯದು.

"ಮೊದಲ್ನೇ ದಿನಾನೇ ಹೇಳ್ಬಾರ್ದಿತ್ತಾ?"

"ಒನ್ ಟೈಮ್ ಅಂದ್ರೆ ಕೋಇನ್ಸಿಡೆನ್ಸ್ ಇರ್ಬೋದು. ತಪ್ಪಾಗಿ ಬ್ಲೇಮ್ ಮಾಡೋಕೆ ಇಷ್ಟ ಇರ್ಲಿಲ್ಲ."

ಹೀಗೆ ಹೇಳಿ ಮೇಲೆ ಹೋದಳು. ಮನೆ ಕಟ್ಟಿದವನ ಮೂರ್ಖತನಕ್ಕೆ ನಾನೇನು ಮಾಡಲಿ? ಕೊನೇಪಕ್ಷ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಬಾರದೇ?

ಆದರೆ ಆ ನೋಟ್‌ಬುಕ್ಕಿನ ಹಾಳೆಯನ್ನು ಮತ್ತೆ ಹೋಗಿ ನೋಡಿದೆ. ನಮ್ಮ ಸೆಕ್ಷನ್ನಿಗೆ ಹೊಸದಾಗಿ ಬಂದ ಡಿಗ್ರಿಯವರಿಗೆ ಇಂಥ ಲಾಗ್ ಶೀಟ್ ಬರೆಯಲು ಕಲಿಸಬೇಕಾದರೆ ನನಗೆ ಆರು ತಿಂಗಳು ಹಿಡಿಯುತ್ತಿತ್ತು. ಇವಳಿಗೆ ಯಾರೂ ಕಲಿಸಿಲ್ಲ. ನಾನು ಯಂತ್ರವನ್ನೇ ನೋಡುತ್ತಾ ಕೂತಿದ್ದೆ, ಅವಳು ಮೆಟ್ಟಿಲ ಮೇಲೆ ಕೂತು ಇಡೀ ರೂಮನ್ನು ನೋಡಿದಳು.

ಭಾನುವಾರ, ಫೆಬ್ರವರಿ 26

ಮೂವತ್ತೊಂದು ಪುಟ. ಮುಗಿಯಿತು. ಪ್ಲಗ್ಗು ಈಗ ಮೇಲಿನ ತೂತಿನಲ್ಲಿದೆ. ಬದಲಿ ಅಡಾಪ್ಟರ್ ಮೂರು ದಿನದಿಂದ ಒಂದು ಸಲವೂ ಕೈಕೊಟ್ಟಿಲ್ಲ.

ಶ್ರೀನಾಥ ಫೋನ್ ಮಾಡಿದ್ದ. "ಹೇಗಿದೆ ಭಾವ ನಿಮ್ ಡೂಪ್ಲಿಕೇಟು?"

"ಫಸ್ಟ್ ಕ್ಲಾಸ್. ಅದು ಮನೆ ವೈರಿಂಗ್ ಪ್ರಾಬ್ಲಮ್ಮು," ಎಂದೆ.

ಸುಳ್ಳಲ್ಲ. ಸಾಹಿತ್ಯ ಮೆಟ್ಟಿಲು ಇಳಿಯುತ್ತಿದ್ದವಳು ಅರ್ಧದಲ್ಲಿ ನಿಂತು ನನ್ನನ್ನು ನೋಡಿ, ಹಾಗೇ ಮೇಲೆ ಹೋದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳಂತೆ. ವೈರಿಂಗ್ ಎಂದದ್ದು ಸುಳ್ಳಂತೂ ಅಲ್ಲ.

ಶುಕ್ರವಾರ, ಮಾರ್ಚ್ 3

ಪ್ಲಾಂಟ್ ಮ್ಯಾನೇಜರು, ಎಚ್‌ಆರ್‌ನ ಹೆಂಗಸು, ಡೊಮೆನಿಕ್, ಮೂವರು. ನಾನು ಬರೆದದ್ದು ಪ್ರಿಂಟಾಗಿ ಮೂವರ ಮುಂದೆಯೂ ಇತ್ತು. ಇಪ್ಪತ್ತು ನಿಮಿಷ ಚೆನ್ನಾಗಿಯೇ ಮಾತಾಡಿದೆ. ಮ್ಯಾನೇಜರು ಎರಡು ಸಲ ತಲೆಯಾಡಿಸಿದರು.

ಆಮೇಲೆ ಆ ಹೆಂಗಸು ಕೇಳಿದಳು: ನೀವು ಕಂಡ ಕಷ್ಟದ ಒಂದು ದೋಷ, ಅದನ್ನು ಹೇಗೆ ಹಿಡಿದಿರಿ, ಹೇಳಿ.

ಇದಕ್ಕೆ ಉತ್ತರ ತಯಾರಿತ್ತು. 1988ರಲ್ಲಿ ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಲ್ಲರೂ ಕೈಚೆಲ್ಲಿ ಕೂತಿದ್ದಾಗ ನಾನು ಹೋಗಿ ನಲವತ್ತು ನಿಮಿಷದಲ್ಲಿ ದೋಷ ಹಿಡಿದದ್ದು. ಕನ್ನಡಿಯ ಮುಂದೆ ಹತ್ತು ಸಲ ಹೇಳಿ ಅಭ್ಯಾಸ ಮಾಡಿದ್ದೆ. ಬಾಯಿ ತೆರೆದೆ. ಬಂದದ್ದು ಬೇರೆ.

"ಹೋದ ವಾರ ನಮ್ಮ ಮನೆಯಲ್ಲಿ," ಎಂದು ಶುರು ಮಾಡಿಬಿಟ್ಟೆ. ಬದಲಿ ಅಡಾಪ್ಟರ್, ಹತ್ತೊಂಬತ್ತು ವೋಲ್ಟ್, ಮತ್ತೆ ಮತ್ತೆ ಆರಿದ್ದು, ಯಂತ್ರದಲ್ಲಿ ಏನೂ ತಪ್ಪಿಲ್ಲದ್ದು, ನಾನು ಮಗಳನ್ನು ಬೈದದ್ದು, ಅವಳು ಮೂರು ದಿನ ಮೆಟ್ಟಿಲ ಮೇಲೆ ಕೂತು ಲಾಗ್ ಬರೆದದ್ದು. "ದೋಷ ಆಪರೇಟರಿನದು. ಆಪರೇಟರ್ ನಾನು. ಹಿಡಿದದ್ದು ನನ್ನ ಮಗಳು, ಹದಿನಾರು ವರ್ಷ. ಅದಕ್ಕೇ ಈ ದಾಖಲೆಯ ಹದಿನೇಳನೇ ಪುಟದಲ್ಲಿ ಒಂದು ಹೊಸ ಹೆಜ್ಜೆ ಸೇರಿಸಿದ್ದೇನೆ: ಪರೀಕ್ಷೆ ಮಾಡುವವನು ತನ್ನ ಕೈ ಏನು ಮಾಡುತ್ತಿದೆಯೆಂದು ಇನ್ನೊಬ್ಬರಿಂದ ನೋಡಿಸಿಕೊಳ್ಳಬೇಕು."

ಡೊಮೆನಿಕ್ ಮೇಜು ಬಡಿದು ನಕ್ಕ. ತನ್ನ ಅಪ್ಪನೂ ಇಟಲಿಯಿಂದ ಬಂದ ಮೇಲೆ ಮನೆಯ ದೀಪಗಳನ್ನೆಲ್ಲ ಹೀಗೇ ಆರಿಸುತ್ತಾ ತಿರುಗುತ್ತಿದ್ದನಂತೆ. ಆಮೇಲೆ ನಗು ನಿಲ್ಲಿಸಿ ಕೇಳಿದ, "ಆ ಹುಡುಗಿಗೆ ಸಾರಿ ಹೇಳಿದೆಯಾ?"

ಕೈಯಲ್ಲಿದ್ದ ನನ್ನ ಪ್ರತಿಯನ್ನು ಮೇಜಿನ ಮೇಲಿಟ್ಟೆ.

"ಇನ್ನೂ ಇಲ್ಲ," ಎಂದೆ. ಮೂವರೂ ಕಾಗದದ ಮೇಲೆ ಏನೋ ಬರೆದುಕೊಂಡರು. ಹುದ್ದೆ ಕೈತಪ್ಪಿತು ಎಂದು ಆಗಲೇ ಅಂದುಕೊಂಡೆ. ಹಾಸನದ ಕಥೆ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು!

ಶನಿವಾರ, ಮಾರ್ಚ್ 4

ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಬೆಳಿಗ್ಗೆ ಕಾರಿನ ದಾರಿಯನ್ನು ನಾನೂ ಸಾಹಿತ್ಯಳೂ ಸಲಿಕೆಯಲ್ಲಿ ಬಿಡಿಸಿದೆವು. ಅರ್ಧ ದಾರಿ ಮುಗಿದ ಮೇಲೆ, ಅವಳ ಕಡೆ ನೋಡದೆ, "ಸಾರಿ ಕಣೇ," ಎಂದೆ.

"ಫಾರ್ ವಾಟ್?"

ಬಿಡುವವಳಲ್ಲ. ಸಲಿಕೆ ಊರಿ ನಿಂತಳು. ಹೇಳಬೇಕಾಯಿತು. ನೋಡದೆ ದೂರಿದ್ದಕ್ಕೆ, ಅಮ್ಮನ ಎದುರಿಗೆ ಕೂಗಾಡಿದ್ದಕ್ಕೆ, ನಿನ್ನಿಂದ ಕೆಲಸ ಹೋಗುತ್ತೆ ಅಂದದ್ದಕ್ಕೆ.

"ಆಮೇಲೆ ಶ್ರೀನಾಥ್ ಮಾಮಂಗೆ ವೈರಿಂಗ್ ಅಂತ ಹೇಳಿದ್ದು?"

"ಅದನ್ನೂ ಸೇರಿಸ್ಕೋ."

"ನನಗಲ್ಲ. ಮಾಮಂಗೆ ಹೇಳು."

ಕೈ ಬೆಚ್ಚಗಾದ ಮೇಲೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಶ್ರೀನಾಥ ನಕ್ಕ ನಕ್ಕ, ನಗುತ್ತಾ ಕೆಮ್ಮಿದ. "ಭಾವ, ನಿಮ್ಮನ್ನ ಸೋಲ್ಸೋಕೆ ನಿಮ್ ಮಗಳೇ ಬೇಕಾಯ್ತು ನೋಡಿ," ಎಂದ. "ಹೂಂ ಕಣೋ, ನಿಂಗಂತೂ ಆಗ್ತಿರ್ಲಿಲ್ಲ," ಎಂದೆ. ಅವಳು ಲಾಗ್ ಶೀಟಿಗೆ ಗೆರೆ ಹಾಕಿದ ರೀತಿಯನ್ನು ಅವನಿಗೆ ವಿವರವಾಗಿ ಹೇಳಿದೆ. ಫೋನ್ ಇಟ್ಟ ಮೇಲೆ ನೆನಪಾಯಿತು, ಆಂಪಿಯರ್ ಹೆಚ್ಚಿದ್ದರೆ ಏನೂ ಆಗುವುದಿಲ್ಲ, ನಾನು ಹೇಳಿದ್ದೇ ಸರಿ ಎಂದು ಹೇಳುವುದು ಬಿಟ್ಟೇಹೋಗಿತ್ತು.

ಬುಧವಾರ, ಮಾರ್ಚ್ 8

ಕೊಟ್ಟರು. ಟೆಸ್ಟ್ ಟೆಕ್ನಿಷಿಯನ್. ಇಂಜಿನಿಯರ್ ವಿಷಯ ವರ್ಷವಾದ ಮೇಲೆ ನೋಡೋಣ, ಇಲ್ಲಿನ ಲೈಸೆನ್ಸ್ ಬೇಕಾಗುತ್ತದೆ ಎಂದರು ಮ್ಯಾನೇಜರು. ಆಗಲಿ ಎಂದೆ. ಬೆಂಚು ಕಿಟಕಿಯ ಪಕ್ಕದಲ್ಲಿದೆ. ಆಸಿಲೋಸ್ಕೋಪ್ ಹಳೆಯದು, ಆದರೆ ಒಳ್ಳೆಯದು. ಪ್ರೋಬುಗಳನ್ನು ಕಂಡಕಂಡ ಹಾಗೆ ಸುತ್ತಿಟ್ಟಿದ್ದರು, ಬಿಚ್ಚಿ ನೇರ ಮಾಡಿ ನೇತುಹಾಕಿ ಬಂದೆ. ವೋಲ್ಟ್ ಮೀಟರ್ ಕೈಗೆ ಬಂದ ಕೂಡಲೇ ಪಕ್ಕದ ಪ್ಲಗ್ಗನ್ನು ಸುಮ್ಮನೆ ಅಳೆದು ನೋಡಿದೆ.

ನೀರಜಾ ಶಾವಿಗೆ ಪಾಯಸ ಮಾಡಿದಳು.

ಭಾನುವಾರ, ಮಾರ್ಚ್ 12

ನಾಳೆಯಿಂದ ಪ್ಲಾಂಟಿನಲ್ಲಿ ನಾನು ಬರೆದ ಕ್ರಮದಲ್ಲೇ ಪರೀಕ್ಷೆ. ಶುಕ್ರವಾರ ಡೊಮೆನಿಕ್ ಅದನ್ನು ಕಂಪನಿಯ ನಮೂನೆಗೆ ಹಾಕಿ ಕೊಟ್ಟಿದ್ದ. ಮೊದಲ ಪುಟದ ಕೆಳಗೆ ಎರಡು ಚೌಕ: ಬರೆದವರು, ಪರಿಶೀಲಿಸಿದವರು. ಬರೆದವನೇ ಪರಿಶೀಲಿಸುವಂತಿಲ್ಲ. ಪ್ಲಾಂಟಿನ ಪ್ರತಿಗೆ ನಾಳೆ ಡೊಮೆನಿಕ್ ಸಹಿ ಹಾಕುತ್ತಾನೆ.

ಮನೆಗೊಂದು ಪ್ರತಿ ತಂದಿದ್ದೆ. ನಿನ್ನೆ ಬೆಳಿಗ್ಗೆ ಅದನ್ನು ಸಾಹಿತ್ಯಳ ಮುಂದಿಟ್ಟು, "ಒಂದು ಸಲ ನೋಡೇ," ಎಂದೆ. ಲಿಫ್ಟಿನ ಪ್ಯಾನೆಲ್ ಅವಳಿಗೇನು ಗೊತ್ತು, ಇಂಗ್ಲಿಷ್ ತಿದ್ದಿ ಕೊಡುತ್ತಾಳೆ ಎಂದುಕೊಂಡಿದ್ದೆ. ಎರಡು ದಿನ ಓದಿದಳು. ಕೆಂಪು ಪೆನ್ನಿನಲ್ಲಿ ಹನ್ನೊಂದು ಕಡೆ ಗುರುತು. ಏಳು ಇಂಗ್ಲಿಷಿನವು. ಮೂರು ಕಡೆ ಪುಟದ ಸಂಖ್ಯೆ ತಪ್ಪು. ಹನ್ನೊಂದನೆಯದು ಇಪ್ಪತ್ತಮೂರನೇ ಹೆಜ್ಜೆ: "ಇಲ್ಲಿ ಕವರ್ ತೆಗಿ ಅಂತಿದೆ. ಬಟ್ ಪವರ್ ಆಫ್ ಮಾಡು ಅಂತ ಬರೋದು ಇಪ್ಪತ್ನಾಲ್ಕರಲ್ಲಿ. ಶಾಕ್ ಹೊಡೆಯಲ್ವಾ?"

ಪವರ್ ಆರಿಸುವುದು ಯಾರಿಗೆ ಹೇಳಿಕೊಡಬೇಕು, ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದು ಅರ್ಧ ಗಂಟೆ ವಾದ ಮಾಡಿದೆ. ನೀರಜಾ ಅಡುಗೆಮನೆಯಿಂದ ಗದರಿದಳು. ಆಮೇಲೆ ಎರಡು ಹೆಜ್ಜೆಯನ್ನೂ ಇನ್ನೊಂದು ಸಲ ಓದಿದೆ. ಮೂವರು ಓದಿ ತಲೆಯಾಡಿಸಿದ್ದ ದಾಖಲೆ. ನಾನು ಇಪ್ಪತ್ತು ಸಲ ಓದಿದ್ದೆ. ಹೆಜ್ಜೆ ಅದಲುಬದಲಾಗಿತ್ತು. ತಕ್ಷಣ ಡೊಮೆನಿಕ್‌ನ ಮನೆಗೆ ಫೋನ್ ಮಾಡಿ ಹೇಳಿದೆ, ನಾಳೆ ತಿದ್ದಿದ ಪುಟವೇ ಪ್ಲಾಂಟಿನ ನೋಟೀಸ್ ಬೋರ್ಡಿಗೇರುತ್ತದೆ.

ತಿದ್ದಿ, ಹೊಸದಾಗಿ ಪ್ರಿಂಟ್ ತೆಗೆದು, "ಬರೆದವರು" ಚೌಕದಲ್ಲಿ ನನ್ನ ಸಹಿ ಹಾಕಿ, ಪೆನ್ನನ್ನು ಅವಳ ಕಡೆ ತಿರುಗಿಸಿದೆ.

"ನಾನಾ? ಇಸ್ ದಟ್ ಅಲೌಡ್?"

"ಇದು ಮನೆ ಕಾಪಿ. ಮನೇಲಿ ನಾನು ಹೇಳಿದ್ದೇ ರೂಲು."

ನಕ್ಕು, ಬಗ್ಗಿ, ಉದ್ದಕ್ಕೆ ಸಹಿ ಹಾಕಿದಳು. ನಮ್ಮಲ್ಲಿ ಮನೆತನದ ಹೆಸರಿಲ್ಲವೆಂದು ಇಲ್ಲಿಗೆ ಬರುವಾಗ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರನ್ನೇ ಅವಳ ಹೆಸರಿನ ಕೊನೆಗೆ ಸೇರಿಸಿದ್ದರು. ಸ್ಕೂಲಿನಲ್ಲಿ ಅವಳನ್ನು ಮಿಸ್ ಚಂದ್ರಮೋಹನ್ ಎಂದೇ ಕರೆಯುತ್ತಾರೆ. ಪರಿಶೀಲಿಸಿದವರು: ಸಾಹಿತ್ಯ ಚಂದ್ರಮೋಹನ್.

ಎರಡು ಚೌಕದಲ್ಲೂ ನನ್ನ ಹೆಸರೇ ಇದೆ. ಎರಡನೆಯದನ್ನು ನೋಡಿದಷ್ಟು ಹೊತ್ತು ನಾನು ಮೊದಲನೆಯದನ್ನು ನೋಡಿಲ್ಲ.